ಕಡ್ಡಿರಾಂಪುರದಲ್ಲಿ ನಿಂತ ಹರಕೆ

ಎಂಟು ಗಂಟೆ ಹತ್ತು ನಿಮಿಷ. ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ. ಕಡ್ಡಿರಾಂಪುರದ ರಸ್ತೆ ಬದಿಯ ಬೇವಿನ ಮರದ ಹತ್ತಿರ ನನ್ನ ತಮ್ಮ ನಡೆಯುವುದನ್ನು ನಿಲ್ಲಿಸಿದ. ನಾನು ಕೈಗಡಿಯಾರ ನೋಡಿಕೊಂಡೆ. ಹನ್ನೊಂದೂವರೆಗೆ ಕಾಲೇಜಿನಲ್ಲಿ ನಾನು ಮಕ್ಕಳಿಗೆ ಕೆಮಿಸ್ಟ್ರಿ ಪ್ರಾಕ್ಟಿಕಲ್ ಮಾಡಿಸಬೇಕಿತ್ತು. ಅರ್ಧ ದಿನದ ರಜೆ ಮಾತ್ರ ಹಾಕಿದ್ದೆ. ಹಂಪಿ ಇನ್ನೂ ನಾಲ್ಕು ಕಿಲೋಮೀಟರ್ ಇತ್ತು. ಆ ಗಳಿಗೆಯಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ. ಅವ್ವ ಹೂವು ಕಾಯಿಯ ಬುಟ್ಟಿ ಹಿಡಿದುಕೊಂಡು ನಮಗಿಂತ ಐವತ್ತು ಹೆಜ್ಜೆ ಮುಂದೆ ಬರಿಗಾಲಲ್ಲಿ ಕುಂಟುತ್ತ ಹೋಗುತ್ತಿದ್ದಳು.

"ಏನಲೇ, ಇಪ್ಪತ್ತಮೂರಕ್ಕ ಮುದುಕ ಆದ್ಯೇನು?" ಅಂದೆ. "ಮೊಣಕಾಲು ಹಿಡಕೊಂಡ ಅವ್ವನೂ ಮುಂದ ಹೊಂಟಾಳ ನೋಡು."

ಅವನು ನಗಲು ನೋಡಿದ. ಒಂದು ಕೈ ಮರದ ಮೇಲಿತ್ತು. ಆ ತಂಪು ಹೊತ್ತಿನಲ್ಲೂ ಅವನ ಹಣೆಯಿಂದ, ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ತುಟಿ ನೇರಳೆಹಣ್ಣು ತಿಂದವನ ತುಟಿಯ ಹಾಗಿತ್ತು.

"ಯಕ್ಕಾ," ಅಂದ. "ಎದ್ಯಾಗ ಮೀನು ಒದ್ದಾಡಿದಂಗ ಆಗಾಕತ್ತೈತಿ."

ಅಷ್ಟು ಹೇಳಿ ಮರಕ್ಕೆ ಬೆನ್ನು ಹಚ್ಚಿದವನು ಹಾಗೇ ಜಾರಿ ಕುಳಿತ. ತಲೆ ಎದೆಯ ಮೇಲೆ ಬಿತ್ತು.

ಇದಾಗಿ ಇಪ್ಪತ್ತು ವರ್ಷಗಳ ಹತ್ತಿರ ಬಂತು. ಅವನಿಗೆ ಈಗ ನಲವತ್ತು ದಾಟಿದೆ, ಎರಡು ಮಕ್ಕಳಿದ್ದಾರೆ, ನಾನು ಈ ಕತೆ ತೆಗೆದರೆ ಎದ್ದು ಹೋಗುತ್ತಾನೆ. ನನಗೆ ಮಾತ್ರ ಇಂದಿಗೂ ಮೆಟ್ಟಿಲ ಮೇಲೆ ಯಾರಾದರೂ ನಿಂತು ಉಸಿರು ತೆಗೆದುಕೊಂಡರೆ ಸಾಕು, ಕೈ ತಾನಾಗಿ ಗಡಿಯಾರದ ಕಡೆ ಹೋಗುತ್ತದೆ.

ಆ ವರ್ಷ ನಮ್ಮೂರಿಗೆ ಊರೇ ಕುಂಟುತ್ತಿತ್ತು. ಚಿಕೂನ್‌ಗುನ್ಯಾ ಬಂದ ವರ್ಷ ಎಂದರೆ ಹೊಸಪೇಟೆಯ ಯಾರಿಗೂ ಬೇರೆ ಗುರುತು ಬೇಕಿಲ್ಲ. ಚಿತ್ತವಾಡ್ಗಿಯ ನಮ್ಮ ಓಣಿಯಲ್ಲಿ ಬೆಳಿಗ್ಗೆ ಕಸ ಹೊಡೆಯುವವರು ನಿಂತು ಹೊಡೆಯಲಾರದೆ ಕುಳಿತು ಸರಿಯುತ್ತ ಹೊಡೆಯುತ್ತಿದ್ದರು. ಕೊಡ ಎತ್ತಲು ಇಬ್ಬರು ಬೇಕು. ಯಾರ ಪಾದ ನೋಡಿದರೂ ಬಾವು. ನಮ್ಮ ಕಿರಾಣಿ ಅಂಗಡಿಯಲ್ಲಿ ಅಪ್ಪ ಕಟ್ಟೆಯ ಮೇಲೆ ಒಂದು ಕುರ್ಚಿ ಹಾಕಿಟ್ಟಿದ್ದ, ಸಾಮಾನಿಗೆ ಬಂದವರು ಅದರಲ್ಲಿ ಕುಳಿತು ಒಬ್ಬರಿಗೊಬ್ಬರು ತಮ್ಮ ಕೀಲುಗಳ ಸುದ್ದಿ ಹೇಳಿಕೊಳ್ಳುತ್ತಿದ್ದರು. ಅದರಲ್ಲೂ ನಗೆ ಇತ್ತು. ನಡೆಯುವ ಧಾಟಿ ನೋಡಿಯೇ ಯಾರಿಗೆ ಜ್ವರ ಬಂದು ಎಷ್ಟು ದಿನವಾಯಿತು ಎಂದು ಓಣಿಯ ಹೆಂಗಸರು ಹೇಳಿಬಿಡುತ್ತಿದ್ದರು.

ಕುಂಟುವ ಊರಿನ ಮೇಲೆ ಕೆಂಪು ಧೂಳು. ಅದಿರಿನ ಲಾರಿಗಳು ಹಗಲು ರಾತ್ರಿ ಎನ್ನದೆ ಓಡುತ್ತಿದ್ದ ಕಾಲ. ತಮ್ಮ ಡಿಪ್ಲೊಮಾ ಮುಗಿಸಿ ಸಂಡೂರು ರಸ್ತೆಯ ಒಂದು ಸ್ಟಾಕ್‌ಯಾರ್ಡ್‌ನಲ್ಲಿ ವೇ ಬ್ರಿಡ್ಜ್ ಮೇಲೆ ಕೆಲಸಕ್ಕೆ ಸೇರಿದ್ದ. ಲಾರಿ ಬಂದು ನಿಲ್ಲುತ್ತದೆ, ಇವನು ತೂಕ ಬರೆದು ಚೀಟಿ ಕೊಡುತ್ತಾನೆ, ಲಾರಿ ಹೋಗುತ್ತದೆ. ದಿನವಿಡೀ ಅದೇ. ಡ್ರೈವರುಗಳು ಅವನನ್ನು ಕಾಟಾ ತಮ್ಮ ಎಂದು ಕರೆಯುತ್ತಿದ್ದರು, ಏಕೆಂದರೆ ತೂಗುವ ಜಾಗಕ್ಕೆ ಅವರ ಬಾಯಲ್ಲಿ ಕಾಟಾ ಎಂದೇ ಹೆಸರು. ಸಂಜೆ ಮನೆಗೆ ಬಂದರೆ ಹುಬ್ಬಿನಿಂದ ಹಿಡಿದು ಕಾಲಿನ ಉಗುರಿನ ತನಕ ಕೆಂಪಗಿರುತ್ತಿದ್ದ. ಅವ್ವ ಹಿತ್ತಲಲ್ಲಿ ಅವನ ಅಂಗಿ ಒಗೆದರೆ ಹರಿಯುವ ನೀರು ಕುಂಕುಮ ಕಲಸಿದ ಹಾಗೆ. ಸಂಡೂರಿನ ಕಡೆ ಗುಡ್ಡ ಹಸಿರು, ಆದರೆ ರಸ್ತೆ ಬದಿಯ ಗಿಡ ಯಾವುದೆಂದು ಎಲೆ ನೋಡಿ ಹೇಳುವಂತಿರಲಿಲ್ಲ. ಆ ಬಣ್ಣವನ್ನು ಆಗ ಬೈಯುತ್ತಿದ್ದೆವು. ಈಗ ಆ ರಸ್ತೆಯಲ್ಲಿ ಹೋಗುವಾಗ ಗಿಡಗಳು ತೊಳೆದಿಟ್ಟ ಹಾಗೆ ಕಂಡರೆ, ಏನೋ ಕಳೆದುಕೊಂಡವಳಂತೆ ಹುಡುಕುತ್ತೇನೆ. ಕಳೆದದ್ದು ಧೂಳಲ್ಲ ಎಂದು ಗೊತ್ತು. ಆ ಸಂಜೆಗಳು.

ಧೂಳಿಗೆ ನಮ್ಮ ಮನೆಯಲ್ಲಿ ಒಂದೇ ಔಷಧ, ಬೆಲ್ಲ. ತಮ್ಮ ಬಂದು ಕೈಕಾಲು ತೊಳೆದ ಕೂಡಲೇ ಅವ್ವ ಅಡಿಕೆಯಷ್ಟು ಬೆಲ್ಲ ಅವನ ಬಾಯಿಗೆ ಹಾಕಿ ಬಿಸಿನೀರು ಕೊಡುತ್ತಿದ್ದಳು. ಬೆಲ್ಲ ಗಂಟಲಿನ ಧೂಳನ್ನು ಕೆಳಗಿಳಿಸುತ್ತದೆ ಎಂಬುದು ನಮ್ಮ ಕಡೆ ಎಲ್ಲರೂ ನಂಬಿದ ಮಾತು. ಸ್ಟಾಕ್‌ಯಾರ್ಡ್‌ನಲ್ಲೂ ಕೆಲಸದವರ ಅಂಗಿಯ ಜೇಬಿನಲ್ಲಿ ಬೆಲ್ಲದ ಚೂರು ಇರುತ್ತಿತ್ತು.

ಆಷಾಢದಲ್ಲಿ ಮೊದಲು ಅವ್ವನಿಗೆ ಜ್ವರ ಬಂತು. ಅವಳು ನಾಲ್ಕನೆಯ ದಿನ ಎದ್ದು ಗೋಡೆ ಹಿಡಿದು ಅಡುಗೆ ಮಾಡಿದಳು. ಆಮೇಲೆ ತಮ್ಮನಿಗೆ. ಅವನದು ಬೇರೆಯೇ ಇತ್ತು. ಮೂರು ದಿನ ಮೈ ಕೆಂಡದಂತೆ ಸುಟ್ಟಿತು, ಬಡಬಡಿಸಿದ, ನನ್ನನ್ನು ಗುರುತಿಸಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅವ್ವ ದೇವರ ಗೂಡಿನ ಮುಂದೆ ನಿಂತು, ಅರಿಷಿಣದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ ಮುಡುಪು ಇಟ್ಟಳು. ಜ್ವರ ಬಿಡಲಿ, ಶ್ರಾವಣದ ಸೋಮವಾರ ಮಗನನ್ನು ಬರಿಗಾಲಲ್ಲಿ ನಡೆಸಿಕೊಂಡು ವಿರೂಪಾಕ್ಷನ ಬಾಗಿಲಿಗೆ ಬರುತ್ತೇನೆ ಎಂದು ಬೇಡಿಕೊಂಡಳು. ಮರುದಿನ ಬೆಳಿಗ್ಗೆ ಅವನ ಮೈ ತಣ್ಣಗಾಗಿತ್ತು. ಗಂಜಿ ಕೇಳಿದ. ಅಲ್ಲಿಗೆ ಹರಕೆ ಮನೆಯ ಸಾಲವಾಯಿತು, ತೀರಿಸಲೇಬೇಕು.

ನನಗೆ ಇದನ್ನು ತಡೆಯುವ ಓದು ಇತ್ತು ಎಂದು ಅಂದುಕೊಂಡಿದ್ದೇನೆ. ಎಮ್ಮೆಸ್ಸಿ ಮಾಡಿದ್ದೆ, ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಆದರೆ ತಡೆಯಬೇಕು ಎಂದೇ ಅನ್ನಿಸಲಿಲ್ಲ. ಆ ವರ್ಷ ಜ್ವರದಿಂದ ಎದ್ದವರಿಗೆಲ್ಲ ಒಂದೇ ಬುದ್ಧಿವಾದ ಸಿಗುತ್ತಿತ್ತು. ಮಲಗಬ್ಯಾಡ್ರಿ, ನಡೀರಿ, ಇಲ್ಲದಿದ್ದರ ಕೀಲು ಹಿಡಕೊಂತಾವ. ಬೆಳಿಗ್ಗೆ ರೈಲು ಹಳಿಯ ಕಡೆ ಹೋದರೆ ಅರ್ಧ ಚಿತ್ತವಾಡ್ಗಿ ಅಲ್ಲಿ ಕುಂಟುತ್ತ ವಾಕಿಂಗ್ ಮಾಡುತ್ತಿತ್ತು. ಹಂಪಿ ತನಕ ನಡೆದರೆ ಅವನ ಕಾಲೂ ಸಡಿಲಾಗುತ್ತದೆ, ಅವ್ವನ ಮನಸ್ಸೂ ಹಗುರಾಗುತ್ತದೆ ಎಂದು ನಾನೇ ಹೇಳಿದೆ. ಹೇಳಿದ್ದು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು. ಕೈಯಲ್ಲಿ ಚಹಾದ ಲೋಟ ಇತ್ತು. ಅಷ್ಟು ನೆನಪಿದೆ.

ನೆನಪಿರುವುದು ಇನ್ನೂ ಇದೆ. ಜ್ವರ ಬಿಟ್ಟು ವಾರವಾದ ಮೇಲೆ ಅವನು ಮಾಳಿಗೆ ಏರಿ ಹಪ್ಪಳ ತರಲು ಹೋದವನು ಮಧ್ಯದ ಮೆಟ್ಟಿಲಲ್ಲಿ ಕುಳಿತಿದ್ದ. ಕೇಳಿದರೆ ಮೊಣಕಾಲು ಎಂದ. ಮಲಗಿದರೆ ಒಣ ಕೆಮ್ಮು ಬರುತ್ತಿತ್ತು, ಅದಕ್ಕೆ ಎರಡು ತಲೆದಿಂಬು ಇಟ್ಟುಕೊಂಡ. ಧೂಳು ಎಂದು ಅವ್ವ ಬೆಲ್ಲವನ್ನು ಎರಡು ಹೊತ್ತು ಮಾಡಿದಳು. ಪಾದ ಬಾತಿತ್ತು. ಯಾರದ್ದು ಬಾತಿರಲಿಲ್ಲ? ಊರಿನಲ್ಲಿ ಎಲ್ಲರ ಪಾದವೂ ಬಾತಾಗ ಒಬ್ಬನ ಪಾದ ಬೇರೆ ಕಾರಣಕ್ಕೆ ಬಾತಿದೆ ಎಂದು ಯಾರು ನೋಡುತ್ತಾರೆ? ಅವ್ವನ ಪಾದದ ಬಾವು ಸಂಜೆಗೆ ಹೆಚ್ಚಾಗಿ ನೋಯುತ್ತಿತ್ತು. ಅವನದು ನೋಯುತ್ತಿರಲಿಲ್ಲ, ಬೆರಳು ಒತ್ತಿದರೆ ಕುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಅವನೇ ಒತ್ತಿ ತೋರಿಸಿ, "ಹಸಿ ಮಣ್ಣಿನಂಗ ಆಗೇನಿ ನೋಡಕ್ಕ" ಎಂದು ನಕ್ಕಿದ್ದ. ನಾನೂ ಒಮ್ಮೆ ಒತ್ತಿ ನಕ್ಕಿದ್ದೆ.

ಆ ಸೋಮವಾರ ಐದೂವರೆಗೆ ಮನೆ ಬಿಟ್ಟೆವು. ಅಪ್ಪ ಅಂಗಡಿ ತೆರೆಯಬೇಕೆಂದು ಉಳಿದ. ಅನಂತಶಯನಗುಡಿಯ ಹತ್ತಿರ ರೈಲ್ವೆ ಗೇಟು ಹಾಕಿತ್ತು. ಅದಿರು ತುಂಬಿದ ಗೂಡ್ಸ್ ಗಾಡಿ ಬಂತು. ತಮ್ಮ ಗೇಟಿನ ಪಕ್ಕದ ಕಲ್ಲಿನ ಮೇಲೆ ಕುಳಿತು ಡಬ್ಬಿಗಳನ್ನು ಎಣಿಸತೊಡಗಿದ. ಸಣ್ಣವನಿದ್ದಾಗಲೂ ಎಣಿಸುತ್ತಿದ್ದ, ಅದಕ್ಕೆ ನನಗೇನೂ ಅನ್ನಿಸಲಿಲ್ಲ. ಕೊನೆಯ ಡಬ್ಬಿ ಹೋಗಿ ಗೇಟು ಎದ್ದಾಗ, "ಇಷ್ಟು ಜಲ್ದಿ ಮುಗೀತೇನು," ಅಂದ. ಆ ಮಾತನ್ನು ನಾನು ಎಷ್ಟು ಸಾರಿ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಅವತ್ತು ಕೇಳಿಸಿದ್ದು ಒಮ್ಮೆ, ಆಮೇಲಿನದೆಲ್ಲ ನನ್ನೊಳಗೆ. ಗಾಡಿ ಇನ್ನೂ ಉದ್ದ ಇರಲಿ ಎಂದು ಅವನು ಬೇಡಿಕೊಂಡಿದ್ದ. ನಾನು ಗಡಿಯಾರ ನೋಡಿ, "ನಡೀ ನಡೀ" ಅಂದಿದ್ದೆ.

ಬೇವಿನ ಮರದ ಎದುರಿಗೆ ಒಂದು ಚಹಾದಂಗಡಿ ಇತ್ತು. ಅಲ್ಲಿಯ ಹೆಂಗಸು ಓಡಿ ಬಂದು ತಂಬಿಗೆ ನೀರನ್ನು ಅವನ ಮುಖಕ್ಕೆ ಎರಚಿದಳು. ಅವನು ಕಣ್ಣು ಬಿಟ್ಟ. ಉಪ್ಪು ಹಾಕಿ ನಿಂಬೆಹಣ್ಣಿನ ನೀರು ಕುಡಿಸಿದರು, ನಾನೇ ಲೋಟ ಹಿಡಿದಿದ್ದೆ. ಅವ್ವ ತಿರುಗಿ ಬರುವಷ್ಟರಲ್ಲಿ ಬುಟ್ಟಿಯಲ್ಲಿದ್ದ ಹೂವೆಲ್ಲ ರಸ್ತೆ ಮೇಲೆ ಚೆಲ್ಲಿತ್ತು. ಬಾಳೆಗೊನೆ ತುಂಬಿಕೊಂಡು ಹೊಸಪೇಟೆ ಕಡೆ ಹೊರಟಿದ್ದ ಒಂದು ಆಟೋ ನಿಂತಿತು. ಅದರ ಡ್ರೈವರ್ ಏನೂ ಕೇಳದೆ ಗೊನೆಗಳನ್ನು ಮರದ ಕೆಳಗೆ ಇಳಿಸಿ, "ಕುಂದ್ರಿ" ಎಂದ.

ಹೊಸಪೇಟೆಯ ನರ್ಸಿಂಗ್ ಹೋಮಿನಲ್ಲಿ ನರ್ಸ್ ಅವನ ಮಣಿಕಟ್ಟಿನಲ್ಲಿ ನಾಡಿ ಹುಡುಕಿದಳು, ಇನ್ನೊಂದು ಕೈಯಲ್ಲಿ ಹುಡುಕಿದಳು, ಆಮೇಲೆ ಕುತ್ತಿಗೆಯಲ್ಲಿ. ಎದೆಗೆ ತಂತಿ ಹಚ್ಚಿ ತೆಗೆದ ಕಾಗದವನ್ನು ನೋಡಿದ ಡಾಕ್ಟರು ನನ್ನನ್ನು ಹೊರಗೆ ಕರೆದು, ಇಲ್ಲಿ ಇಡುವ ಕೇಸಲ್ಲ, ಈಗಲೇ ಬಳ್ಳಾರಿಗೆ ಒಯ್ಯಿರಿ ಎಂದರು. ಆಂಬುಲೆನ್ಸಿನಲ್ಲಿ ಅವನು ಮಲಗಲು ಒಪ್ಪಲಿಲ್ಲ. ಮಲಗಿದರೆ ಮುಳುಗಿದ ಹಾಗಾಗುತ್ತದೆ ಎನ್ನುತ್ತಿದ್ದ. ಸುದ್ದಿ ಕೇಳಿ ಅಂಗಡಿಯಿಂದ ಓಡಿ ಬಂದಿದ್ದ ಅಪ್ಪ ಹಿಂದೆ ಕುಳಿತು ಅವನನ್ನು ತನ್ನ ಎದೆಗೆ ಒರಗಿಸಿಕೊಂಡ.

ಪಾಪಿನಾಯಕನಹಳ್ಳಿ ದಾಟಿದ ಮೇಲೆ ಲಾರಿ ಸಾಲು ನಿಂತಿತ್ತು. ಎಲ್ಲೋ ಮುಂದೆ ಒಂದು ಲಾರಿ ಆಕ್ಸಲ್ ಮುರಿದುಕೊಂಡು ಅಡ್ಡ ನಿಂತಿದೆಯಂತೆ. ನಮ್ಮ ಮುಂದೆ ಕಣ್ಣು ಹೋಗುವವರೆಗೂ ಲಾರಿಗಳ ಹಿಂಬದಿ. ಸೈರನ್ ಕೂಗಿ ಕೂಗಿ ಸುಮ್ಮನಾಯಿತು. ನಾನು ಇಳಿದು ಹತ್ತಿರದ ಲಾರಿಯ ಬಾಗಿಲು ತಟ್ಟಿದೆ. ಡ್ರೈವರ್ ಆಂಧ್ರದವನು, ನಡುವಯಸ್ಸು. ಯಾರಿಗೆ ಏನಾಗಿದೆ ಎಂದು ಕೇಳುತ್ತಲೇ ಬಂದು ಆಂಬುಲೆನ್ಸಿನ ಗಾಜಿನಲ್ಲಿ ಇಣುಕಿದ. ಮುಖ ನೋಡಿದ.

"ಅರೇ, ನಮ್ಮ ಕಾಟಾ ತಮ್ಮುಡು," ಅಂದ.

ಅವನು ಹೆಗಲ ಮೇಲಿನ ಟವೆಲ್ ತೆಗೆದು ಬೀಸುತ್ತ ಲಾರಿಯಿಂದ ಲಾರಿಗೆ ಓಡಿದ. ಬಾಗಿಲು ಬಡಿಯುವ ಸದ್ದು ಮುಂದೆ ಮುಂದೆ ಹೋಯಿತು. ಒಂದೊಂದೇ ಲಾರಿ ಎಡಗಾಲಿಯನ್ನು ರಸ್ತೆಯಿಂದ ಕೆಳಗೆ ಇಳಿಸಿ ಓರೆಯಾಗಿ ನಿಂತಿತು. ಎರಡು ವರ್ಷ ತಮ್ಮ ಚೀಟಿ ಬರೆದುಕೊಟ್ಟ ಲಾರಿಗಳು ಅವು, ಎಲ್ಲ ಅಲ್ಲದಿದ್ದರೂ ಕೆಲವಾದರೂ. ಆ ಓಣಿಯಂಥ ಸಂದಿಯಲ್ಲಿ ನಾವು ಹೋದೆವು. ಡ್ರೈವರುಗಳು ಮೇಲಿನಿಂದ ನೋಡುತ್ತಿದ್ದರು. ಆ ಮನುಷ್ಯನಿಗೆ ನಾನು ಕೈ ಮುಗಿದೆನೋ ಇಲ್ಲವೋ ನೆನಪಿಲ್ಲ.

ಬಳ್ಳಾರಿಯಲ್ಲಿ ಡಾಕ್ಟರು ಟಿವಿಯಂಥ ಪರದೆಯ ಮೇಲೆ ಅವನ ಹೃದಯ ತೋರಿಸಿದರು. ಮುಷ್ಟಿ ಹಿಡಿದು ಬಿಚ್ಚುವ ಹಾಗೆ ಬಡಿಯಬೇಕಾದದ್ದು, ನಿದ್ದೆಗಣ್ಣಿನವರ ಕೈಯಂತೆ ಸುಮ್ಮನೆ ಅಲುಗುತ್ತಿತ್ತು. ಮಯೋಕಾರ್ಡೈಟಿಸ್ ಎಂದರು. ಜ್ವರದ ವೈರಸ್ ಮೈಯಿಂದ ಹೋಗುವಾಗ ಒಮ್ಮೊಮ್ಮೆ ಹೃದಯದ ಸ್ನಾಯುವಿಗೆ ಉರಿಯೂತ ಕೊಟ್ಟು ಹೋಗುತ್ತದೆ, ಹರೆಯದವರಿಗೂ ಆಗುತ್ತದೆ, ಇದು ಚಿಕೂನ್‌ಗುನ್ಯಾದ್ದೇ ಎಂದು ಖಚಿತ ಹೇಳಲಾರೆ, ಇರಬಹುದು ಎಂದರು. ಆಮೇಲೆ ಪೆನ್ನು ಹಿಡಿದು ಕೇಳಿದರು. "ಜ್ವರ ಬಿಟ್ಟ ಮ್ಯಾಲೆ ಎಷ್ಟು ದಿನ ರೆಸ್ಟ್ ಮಾಡಿಸಿದ್ರಿ?"

ಅಪ್ಪ ಅವ್ವನನ್ನು ನೋಡಿದ. ಅವ್ವ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

"ರೆಸ್ಟ್ ಮಾಡಿಸಲಿಲ್ರಿ ಸಾಹೇಬ್ರ," ಅವ್ವ ಹೇಳಿದಳು. "ನಡೆಸಿದ್ವಿ."

ಡಾಕ್ಟರು ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು. ಇಂಥವರಲ್ಲಿ ಬಹಳ ಮಂದಿ ಸುಧಾರಿಸುತ್ತಾರೆ, ಕೆಲವರಿಗೆ ಹೃದಯ ಹಾಗೇ ಸೋತು ಉಳಿಯುತ್ತದೆ, ಯಾರು ಯಾವ ಕಡೆ ಎಂದು ಈಗ ತಿಳಿಯುವುದಿಲ್ಲ. ಆರು ತಿಂಗಳು ಓಡಬಾರದು, ಭಾರ ಎತ್ತಬಾರದು, ಸೈಕಲ್ ಹೊಡೆಯಬಾರದು, ಉಪ್ಪು ಕಡಿಮೆ. ಇಷ್ಟು ಹೇಳಿ, ಆರು ತಿಂಗಳ ನಂತರ ಮತ್ತೆ ಪರದೆ ನೋಡೋಣ ಎಂದರು.

ಹದಿನೈದು ದಿನಗಳಾದ ಮೇಲೆ ಮನೆಗೆ ಕರೆತಂದೆವು. ಪಡಸಾಲೆಯಲ್ಲಿ ಮಂಚ ಹಾಕಿ, ಸುರುಳಿ ಸುತ್ತಿದ ಹಾಸಿಗೆಗಳನ್ನು ಬೆನ್ನಿಗೆ ಕೊಟ್ಟು, ಕುಳಿತೇ ಮಲಗುವ ವ್ಯವಸ್ಥೆ ಮಾಡಿದೆವು. ನಾನು ಮಂಚದ ಪಕ್ಕ ಚಾಪೆ ಹಾಕಿಕೊಂಡೆ. ಅವನ ಉಸಿರು ಎಣಿಸುವುದು ನನಗೆ ಚಟವಾಯಿತು. ಒಂದು ನಿಮಿಷಕ್ಕೆ ಎಷ್ಟು, ಮುಂದಿನ ನಿಮಿಷಕ್ಕೆ ಎಷ್ಟು. ಎರಡು ಉಸಿರಿನ ನಡುವೆ ಸ್ವಲ್ಪ ಅಂತರ ಹೆಚ್ಚಾದರೆ ಎದ್ದು ಕುಳಿತುಬಿಡುತ್ತಿದ್ದೆ. ಒಂದು ಬೆಳಿಗ್ಗೆ ಅವನು ಹೇಳಿದ, "ಯಕ್ಕಾ, ನಾ ಉಸಿರಾಡಿದ್ದಕ್ಕೂ ಅಟೆಂಡೆನ್ಸ್ ಹಾಕ್ತೀ ಏನು? ಒಂದು ದಿನ ಆಬ್ಸೆಂಟ್ ಆಗಿ ತೋರಿಸಲೇನು?" ಅವ್ವ ಅವನ ಬಾಯಿ ಮುಚ್ಚಿದಳು. ನಾನು ಎರಡು ದಿನ ಅವನ ಜೊತೆ ಮಾತಾಡಲಿಲ್ಲ. ಎಣಿಸುವುದನ್ನು ಬಿಡಲಿಲ್ಲ.

ಉಪ್ಪಿಲ್ಲದ ಊಟ ಅವನಿಗೆ ಎಲ್ಲಕ್ಕಿಂತ ದೊಡ್ಡ ಶಿಕ್ಷೆ. ಸಂಜೆ ಓಣಿಯ ಮೂಲೆಯ ಗಾಡಿಯಿಂದ ಒಗ್ಗರಣೆ ಮಂಡಕ್ಕಿ, ಮಿರ್ಚಿಯ ವಾಸನೆ ಬಂದರೆ ಕಿಟಕಿ ಮುಚ್ಚಿಸುತ್ತಿದ್ದ. ಅವನ ಸಲುವಾಗಿ ಮನೆಯಲ್ಲಿ ಎಲ್ಲರೂ ಸಪ್ಪಗೆ ತಿಂದೆವು. ಅಪ್ಪ ಮಾತ್ರ ಅಂಗಡಿಯಲ್ಲಿ ಉಪ್ಪಿನಕಾಯಿ ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದ. ಅವತ್ತು ನಾವು ಬಹಳ ದಿನಗಳ ಮೇಲೆ ನಕ್ಕೆವು.

ಅವ್ವ ನಗುತ್ತಿದ್ದದ್ದು ಬಾಯಲ್ಲಿ ಮಾತ್ರ. ಅವಳ ನಿದ್ದೆ ಕೆಡಿಸಿದ್ದು ಬೇರೆ. ಹರಕೆ ಕಡ್ಡಿರಾಂಪುರದಲ್ಲಿ ನಿಂತಿತ್ತು. ಮುಡುಪಿನ ಗಂಟು ಬುಟ್ಟಿಯಿಂದ ಮರಳಿ ದೇವರ ಗೂಡು ಸೇರಿತ್ತು. ಕೊಡುತ್ತೇನೆಂದು ಕೊಡದೆ ಇದ್ದರೆ ಒಂದು, ಅರ್ಧ ಕೊಟ್ಟು ಹಿಂದೆ ತೆಗೆದುಕೊಂಡರೆ ಇನ್ನೊಂದು, ಎರಡನೆಯದು ದೊಡ್ಡ ತಪ್ಪು ಎಂದು ಅವಳ ನಂಬಿಕೆ. ಅವನ ಎದೆ ಸುಧಾರಿಸದಿರುವುದು ಅದಕ್ಕೇ ಎಂದು ಒಮ್ಮೆ ಹೇಳಿದಳು. ಮರದ ತನಕ ಆಟೋದಲ್ಲಿ ಒಯ್ದು, ಅಲ್ಲಿಂದ ಮೆಲ್ಲಗೆ, ಕುಳಿತು ಕುಳಿತು ನಡೆಸೋಣ ಎಂದಳು. ನಾನು ಅವ್ವನ ಮೇಲೆ ಅಂಥ ದನಿ ಎಂದೂ ಎತ್ತಿರಲಿಲ್ಲ. ಅವನನ್ನು ಕೊಲ್ಲಬೇಕೆಂದಿದ್ದೀಯಾ ಎಂದು ಕೇಳಿದೆ. ಕೇಳಿದ ಮೇಲೆ, ಮರದ ಕೆಳಗೆ ಅವನನ್ನು ಹಂಗಿಸಿದವಳು ಯಾರು ಎಂದು ನನಗೇ ನೆನಪಾಗಿ ಹಿತ್ತಲಿಗೆ ಹೋದೆ. ಹಾಗೆ ಹಂಗಿಸಿದ್ದನ್ನು ಅವ್ವನಿಗೆ ನಾನು ಎಂದೂ ಹೇಳಿಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ದೀಪಾವಳಿ ಕಳೆದ ಮೇಲೆ, ಧೂಳು ತಪ್ಪಲೆಂದು ತಮ್ಮನನ್ನು ಕಂಪ್ಲಿಗೆ ಅಜ್ಜಿಯ ಮನೆಗೆ ಕಳಿಸಿದೆವು. ಅವ್ವ ಜೊತೆಗೆ ಹೋದಳು, ನಾನು ಪ್ರತಿ ಶನಿವಾರ ಕಾಲೇಜು ಮುಗಿಸಿ ಬಸ್ಸು ಹತ್ತುತ್ತಿದ್ದೆ. ಹೊಸಪೇಟೆಯ ಕೆಂಪಿನಿಂದ ಹೋದವರಿಗೆ ಕಂಪ್ಲಿಯ ಹಸಿರು ಕಣ್ಣಿಗೆ ಎಣ್ಣೆ ಹಚ್ಚಿದ ಹಾಗೆ. ಭತ್ತದ ಗದ್ದೆ, ರೈಸ್ ಮಿಲ್ಲುಗಳ ತೌಡಿನ ವಾಸನೆ, ಕೋಟೆಯ ಹಿಂದೆ ಹೊಳೆ. ಸಣ್ಣವರಿದ್ದಾಗ ಬೇಸಿಗೆ ರಜೆಯೆಲ್ಲ ಅಲ್ಲೇ. ಹರಿಗೋಲಿನವನು ನಮ್ಮನ್ನು ಕೂರಿಸಿಕೊಂಡು ಹೊಳೆಯ ನಡುವೆ ಬುಗುರಿಯಂತೆ ತಿರುಗಿಸುತ್ತಿದ್ದ. ಅವನ ಹರಿಗೋಲಿನ ತಳದಲ್ಲಿ ಹಿಡಿದ ಮೀನು ಬಿದ್ದಿರುತ್ತಿತ್ತು. ನಮ್ಮ ಮನೆಯಲ್ಲಿ ತಿನ್ನದ ಮೀನನ್ನು ತಮ್ಮ ಬೆರಗಿನಿಂದ ನೋಡುತ್ತಿದ್ದ. ಒಂದು ಸಲ, ಒದ್ದಾಡುತ್ತಿದ್ದ ಮೀನಿನ ಮೇಲೆ ಅಂಗೈ ಇಟ್ಟು, "ಸುಮ್ನಿರು, ಸುಮ್ನಿರು" ಅಂದಿದ್ದ. ಹರಿಗೋಲಿನವನು ನಕ್ಕು ಅದನ್ನು ನೀರಿಗೆ ಬಿಟ್ಟಿದ್ದ. ಬೇವಿನ ಮರದ ಹತ್ತಿರ ಅವನ ಬಾಯಿಗೆ ಮೀನು ಬಂದದ್ದು ಅಲ್ಲಿಂದಲೇ ಇರಬೇಕು.

ಕಂಪ್ಲಿಯಲ್ಲಿ ಅವನು ಬೆಳಿಗ್ಗೆ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಅಜ್ಜಿಗೆ ಅವರೆಕಾಯಿ ಸುಲಿದುಕೊಡುತ್ತಿದ್ದ. ಪಾದದ ಬಾವು ಇಳಿಯಿತು. ಬೆನ್ನಿಗೆ ಇಡುತ್ತಿದ್ದ ಮೂರು ದಿಂಬು ಎರಡಾಯಿತು. ಅವನು ಸುಧಾರಿಸುತ್ತಿದ್ದಾನೆ ಎಂದು ನನ್ನ ಕಣ್ಣಿಗೆ ಕಾಣುತ್ತಿತ್ತು, ಎದೆಗೆ ಇಳಿಯುತ್ತಿರಲಿಲ್ಲ. ಹೊಸಪೇಟೆಯಲ್ಲಿ ಅವನಿಲ್ಲದ ಮನೆಯಲ್ಲೂ ಖಾಲಿ ಮಂಚದ ಪಕ್ಕ ನಾನು ಎಚ್ಚರವಾಗುತ್ತಿದ್ದೆ.

ಮಾಘದಲ್ಲಿ ಬಳ್ಳಾರಿಗೆ ಹೋದೆವು. ಪರದೆಯ ಮೇಲೆ ಮುಷ್ಟಿ ಮುಷ್ಟಿಯಂತೆ ಕಂಡಿತು. ಪೂರ್ತಿ ಅಲ್ಲ, ಆದರೆ ಹಿಡಿದು ಬಿಚ್ಚುತ್ತಿತ್ತು. ಡಾಕ್ಟರು ಮೊದಲ ಸಲ ನಕ್ಕರು. ಸಮತಟ್ಟು ನೆಲದಲ್ಲಿ ಸ್ವಲ್ಪ ಸ್ವಲ್ಪ ನಡೆಯಲಿ, ಮಾತ್ರೆ ನಿಲ್ಲಿಸಬೇಡಿ, ಅವಸರ ಬೇಡ ಎಂದರು. ಅಲ್ಲಿಂದ ನೇರ ಕಂಪ್ಲಿಗೆ, ಅಜ್ಜಿಗೆ ಸುದ್ದಿ ಹೇಳಲು. ಜಗುಲಿಯಲ್ಲಿ ಕುಳಿತಿದ್ದಂತೆ ಅವ್ವ ಮತ್ತೆ ಅದೇ ಮಾತು ತೆಗೆದಳು. ಡಾಕ್ಟರೇ ನಡೀಲಿ ಅಂದಾರಲ್ಲ ಎಂದಳು. ತಮ್ಮ, ಆಗಲಿ ನಡೀತೀನಿ ಎಂದ. ನಾನು ಎದ್ದು ನಿಂತೆ. ಆಗ ಅಜ್ಜಿ ಅಡಕತ್ತರಿಯಲ್ಲಿ ಅಡಿಕೆ ಕತ್ತರಿಸುತ್ತಿದ್ದವಳು ತಲೆ ಎತ್ತದೆ ಅವ್ವನನ್ನು ಕೇಳಿದಳು.

"ಹರಕಿ ಹೊತ್ತಾಕಿ ಯಾರು?"

"ನಾನ."

"ಅಂವಗ ಮೈಮ್ಯಾಲೆ ಖಬರ ಇತ್ತೇನು ಆಗ?"

"ಇಲ್ಲ."

"ಮತ್ತ? ಬೇಡ್ಕೊಂಡಾಕಿ ನೀನು, ಕಾಲು ಅವಂದು ಯಾಕ? ಹೊತ್ತಾಕಿನ ನಡೆದು ಮುಟ್ಟಿಸಿದ್ರ ವಿರೂಪಾಕ್ಷ ಏನು ಬ್ಯಾಡ ಅಂತಾನೇನು?"

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, ಆರು ತಿಂಗಳಿಂದ ಇದನ್ನ ಯಾಕ ಹೇಳಲಿಲ್ಲ ಎಂದು ಅಜ್ಜಿಯ ಮೇಲೇ ಜಗಳಕ್ಕೆ ಹೋದಳು. ನೀ ಕೇಳಲಿಲ್ಲ ಎಂದು ಅಜ್ಜಿ ಅಡಿಕೆ ಬಾಯಿಗೆ ಹಾಕಿಕೊಂಡಳು.

ಮುಂದಿನ ಸೋಮವಾರ ನಾವು ಅದೇ ಮರದ ಹತ್ತಿರ ಇಳಿದೆವು. ಅವತ್ತು ಗೊನೆ ಇಳಿಸಿ ನಮ್ಮನ್ನು ಕೂರಿಸಿಕೊಂಡ ಆಟೋದವನನ್ನೇ ಹುಡುಕಿ ಕರೆದಿದ್ದೆವು. ಅಪ್ಪ ಅಂಗಡಿ ಮುಚ್ಚಿ ಬಂದಿದ್ದ, ಬಳ್ಳಾರಿಗೆ ಓಡಿದ ದಿನಗಳನ್ನು ಬಿಟ್ಟರೆ ನನಗೆ ತಿಳಿದಂತೆ ಹಬ್ಬವಲ್ಲದ ದಿನ ಅವನು ಅಂಗಡಿ ಮುಚ್ಚಿದ್ದು ಅದೊಂದೇ. ಚಹಾದಂಗಡಿಯ ಹೆಂಗಸು ತಮ್ಮನನ್ನು ಗುರುತಿಸಿ ಗಲ್ಲ ಹಿಡಿದಳು. ಅವ್ವ ಚಪ್ಪಲಿ ಬಿಟ್ಟು ಮರಕ್ಕೆ ಕೈ ಮುಗಿದು ಹೊರಟಳು. ನಾನೂ ಚಪ್ಪಲಿ ಬಿಟ್ಟೆ. ಹರಕೆ ಹೊತ್ತವಳು ಅವಳಾದರೂ, ನಡೆ ಎಂದವಳು ನಾನಾಗಿದ್ದೆ. ಅಪ್ಪ, ತಮ್ಮ ಆಟೋದಲ್ಲಿ ಕುಳಿತು ನಮ್ಮ ಹಿಂದೆ ಆಮೆಯ ಹಾಗೆ ಬಂದರು.

ಎಡಕ್ಕೆ ಬಾಳೆ ತೋಟ, ಎಲೆಗಳ ಮೇಲೆ ಇಬ್ಬನಿ. ಆ ಕಡೆ ಅದಿರಿನ ಲಾರಿಗಳು ಬರುತ್ತಿರಲಿಲ್ಲ, ರಸ್ತೆ ತನ್ನ ಬಣ್ಣದಲ್ಲೇ ಇತ್ತು. ಎರಡು ಕಿಲೋಮೀಟರ್ ಆಗುವಷ್ಟರಲ್ಲಿ ಅವ್ವನ ಮೊಣಕಾಲು ಹಿಡಿದುಕೊಂಡಿತು. ರಸ್ತೆ ಬದಿ ಕುಳಿತಳು, ಎದ್ದಳು, ಮತ್ತೆ ಕುಳಿತಳು. ಕೊನೆಗೆ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ನನ್ನ ಹೊಟ್ಟಿಯಾಗ ಹುಟ್ಟಿದ ಕಾಲು ನನ್ನವ ಅಲ್ಲೇನು, ನೀ ನಡೀ ಎಂದು ತಾನು ಆಟೋ ಹತ್ತಿದಳು. ಆ ಲೆಕ್ಕದಲ್ಲಿ ತಮ್ಮನ ಕಾಲೂ ಅವಳದೇ ಆಗಬೇಕಿತ್ತು. ಯಾರೂ ಆ ಮಾತು ಎತ್ತಲಿಲ್ಲ.

ಉಳಿದ ದಾರಿ ನಾನೊಬ್ಬಳೇ ನಡೆದೆ. ಸಣ್ಣ ಏರು ಬಂತು. ಅಲ್ಲಿ ನಾನು ನಿಂತು ಉಸಿರು ತೆಗೆದುಕೊಂಡೆ. ಆಟೋ ಪಕ್ಕಕ್ಕೆ ಬಂದು ನಿಂತಿತು. ತಮ್ಮ ತಲೆ ಹೊರಗೆ ಹಾಕಿದ.

"ಏನಬೇ, ಮುದುಕಿ ಆದ್ಯೇನು?"

ಅವನಿಗೆ ಆ ಮಾತು ನೆನಪಿತ್ತು. ಆರು ತಿಂಗಳು ಒಂದು ಸಲವೂ ಎತ್ತಿರಲಿಲ್ಲ. ನಾನು ಅವನ ಮುಖ ನೋಡಿದೆ. ಅವನು ಹಲ್ಲು ಕಿರಿದು ನಗುತ್ತಿದ್ದ, ಹಿಂದೆ ಅಂಗಿಯ ತುಂಬ ಧೂಳು ಹೊತ್ತು ಬಂದು ಬೆಲ್ಲಕ್ಕೆ ಬಾಯಿ ತೆರೆಯುತ್ತಿದ್ದನಲ್ಲ, ಹಾಗೇ. "ಮುಚ್ಚಲೇ," ಅಂದು ಮುಂದೆ ನಡೆದೆ. ಕಣ್ಣು ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಹಂಪಿಯ ಬಜಾರಿನಲ್ಲಿ ಅವನು ಆಟೋದಿಂದ ಇಳಿದ. ಅಲ್ಲಿಂದ ಗೋಪುರದ ತನಕ ನೆಲ ಸಮ ಇದೆ, ಇಷ್ಟು ನಡೆಯಬಹುದಲ್ಲ ಎಂದು ನನ್ನನ್ನು ಕೇಳಿದ. ಡಾಕ್ಟರನ್ನು ಕೇಳುವಂತೆ ಕೇಳಿದ. ನಾವು ನಾಲ್ವರೂ ಸಾಲಾಗಿ, ಮದುವೆಗೆ ಹೊರಟವರಂತೆ ಮೆಲ್ಲಗೆ ನಡೆದೆವು. ನಾನು ಎರಡು ಸಲ ಗಡಿಯಾರ ನೋಡಿದೆ, ಸುಳ್ಳು ಯಾಕೆ ಹೇಳಲಿ. ಮುಡುಪಿನ ಗಂಟನ್ನು ಅವ್ವ ತನ್ನ ಕೈಯಾರೆ ಹುಂಡಿಗೆ ಹಾಕಿದಳು. ಒಳಗೆ ಅದು ಬಿದ್ದ ಸದ್ದು ಕೇಳುವ ತನಕ ಕಿವಿ ಕೊಟ್ಟು ನಿಂತಿದ್ದಳು.

ಸಂಜೆ ಮನೆಗೆ ಬಂದು, ಉಪ್ಪು ಕಡಿಮೆ ಹಾಕಿದ ಅನ್ನ ಸಾರು ಉಂಡು ಮಲಗಿದೆವು. ಅಷ್ಟೇ ನನಗೆ ಗೊತ್ತಿರುವುದು.

ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ನನ್ನ ಚಾಪೆಯ ಮೇಲೆ ಬಂದಿತ್ತು. ಆರು ತಿಂಗಳಲ್ಲಿ ಆ ಬಿಸಿಲು ನನ್ನನ್ನು ಮಲಗಿದಲ್ಲಿ ಕಂಡಿರಲಿಲ್ಲ. ಅಂಗಾಲು ಉರಿಯುತ್ತಿತ್ತು. ಮಂಚ ನೋಡಿದೆ. ಸುತ್ತಿಟ್ಟ ಹಾಸಿಗೆ ಸುರುಳಿಗಳು ಕೆಳಗೆ ಬಿದ್ದಿದ್ದವು. ತಮ್ಮ ಒಂದೇ ದಿಂಬಿನ ಮೇಲೆ, ಗೋಡೆ ಕಡೆ ಮುಖ ಮಾಡಿ, ಮೊಣಕಾಲು ಮಡಚಿ ಮಗುವಿನಂತೆ ಮಲಗಿದ್ದ. ಹೆಗಲು ಏರುತ್ತಿತ್ತು, ಇಳಿಯುತ್ತಿತ್ತು. ನಾನು ಎಣಿಸತೊಡಗಿ ಏಳಕ್ಕೋ ಎಂಟಕ್ಕೋ ಲೆಕ್ಕ ತಪ್ಪಿದೆ.

ಒಳಗೆ ಅವ್ವ ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಹಾಲಿನವನು ಬಂದು ಕೂಗಿ ಕೂಗಿ ಹೋಗಿದ್ದನಂತೆ, ಮನೆಯಲ್ಲಿ ಒಬ್ಬರಿಗೂ ಎಚ್ಚರವಾಗಿರಲಿಲ್ಲ. ಪಕ್ಕದ ಮನೆಯವರು ಹೇಳಿದ ಮೇಲೆ ಗೊತ್ತಾಯಿತು. ಅವತ್ತು ಹಾಲಿಲ್ಲದ ಚಹಾ ಕುಡಿದೆವು. ಬೆಲ್ಲ ಹಾಕಿ.